ಬಸ್ಸಿನ ಹಿಂದಿನ ಸೀಟಿನ ಕಥೆಗಾರ್ತಿ

ಹದಿಮೂರನೆಯ ವಯಸ್ಸಿನಲ್ಲಿ ನನಗೆ ಇದ್ದವಳು ಒಬ್ಬಳೇ ಗೆಳತಿ. ಅವಳಿಲ್ಲದೆ ಒಂದು ದಿನ ಕಳೆಯುವುದೂ ಕಷ್ಟವಾಗುತ್ತಿತ್ತು, ಅವಳ ಜೊತೆ ಒಂದು ದಿನ ಕಳೆಯುವುದೂ ಕಷ್ಟವಾಗುತ್ತಿತ್ತು.

ಆಗ ನಾವು ಕುವೈತಿನ ಫಹಾಹೀಲ್‌ನಲ್ಲಿ ಇದ್ದೆವು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಅಪ್ಪ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಇಂಜಿನಿಯರ್. ನಾವು ಮೈಸೂರಿನವರು. ಅವಳು ಪಕ್ಕದ ಕಟ್ಟಡದಲ್ಲಿದ್ದಳು. ಉಡುಪಿಯ ಕಡೆಯವರು, ಮನೆಯಲ್ಲಿ ತುಳು ಮಾತಾಡುತ್ತಿದ್ದರು. ಅವಳ ತಂದೆ ಒಂದು ಹೋಟೆಲಿನ ಅಡುಗೆಮನೆಯ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದರು. ನಮ್ಮ ಅಮ್ಮ ಅವಳ ಕನ್ನಡ ಕೇಳಿ ಮೊದಮೊದಲು ನಗುತ್ತಿದ್ದರು. ಆಮೇಲೆ ಅವಳ ಅಮ್ಮನಿಂದ ನೀರುದೋಸೆ ಕಲಿತರು, ನಗುವುದನ್ನು ಬಿಟ್ಟರು.

ಶಾಲೆ ದೂರ. ಫಹಾಹೀಲ್‌ನಿಂದ ಹೊರಟ ಬಸ್ಸು ಅಲ್ಲಲ್ಲಿ ನಿಂತು, ಮಕ್ಕಳನ್ನು ತುಂಬಿಕೊಂಡು, ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬರೀ ಮರಳು ನೋಡಿಕೊಂಡು ಹೋಗುತ್ತಿತ್ತು. ಹೋಗುವಾಗ ನಿದ್ದೆ. ಬರುವಾಗ ಸೆಖೆ. ಆ ಸೆಖೆಯಲ್ಲಿ ಸುಮ್ಮನೆ ಕೂರುವುದು ನನ್ನಿಂದ ಆಗುತ್ತಿರಲಿಲ್ಲ. ಕಾಲು ಅಲ್ಲಾಡಿಸುತ್ತಾ, ಮುಂದಿನ ಸೀಟಿನ ರೆಕ್ಸಿನ್ ಕೀಳುತ್ತಾ, ಹೊರಗೆ ನೋಡಿ ಮತ್ತೆ ಒಳಗೆ ನೋಡಿ, ಮನೆ ಬರುವಷ್ಟರಲ್ಲಿ ಸುಸ್ತಾಗಿಬಿಡುತ್ತಿದ್ದೆ.

ಕಥೆ ಹುಟ್ಟಿದ್ದು ಆ ಸೆಖೆಯಲ್ಲಿ. ಶಾಲೆಯ ಲೈಬ್ರರಿಯಲ್ಲಿ ವಾರಕ್ಕೊಂದು ಪುಸ್ತಕ ಕೊಡುತ್ತಿದ್ದರು. ನಾನು ಆರಿಸಿಕೊಳ್ಳುತ್ತಿದ್ದದ್ದು ಒಂದೇ ಬಗೆಯ ಇಂಗ್ಲಿಷ್ ಕಥೆಗಳನ್ನು. ಹಾಸ್ಟೆಲಿನಲ್ಲಿ ಓದುವ ಹುಡುಗಿಯರು, ಚಳಿ, ಹುಲ್ಲಿನ ಮೈದಾನ, ಕದ್ದು ತಿನ್ನುವ ಕೇಕು. ಅವುಗಳಲ್ಲಿ ತಪ್ಪದೆ ಇಬ್ಬರು ಆಪ್ತ ಗೆಳತಿಯರಿರುತ್ತಿದ್ದರು. ಒಬ್ಬಳಿಗೆ ಇನ್ನೊಬ್ಬಳ ಮೇಲೆ ಹೊಟ್ಟೆಕಿಚ್ಚು ಹುಟ್ಟುತ್ತಿತ್ತು. ಅದಕ್ಕೆ ಒಂದು ಅಧ್ಯಾಯ. ಕೊನೆಗೆ ಯಾರೋ ಕೆರೆಗೆ ಬೀಳುತ್ತಿದ್ದರು, ಯಾರೋ ಎತ್ತುತ್ತಿದ್ದರು, ಇಬ್ಬರೂ ಅತ್ತು ಕೈ ಕುಲುಕಿದರೆ ಹೊಟ್ಟೆಕಿಚ್ಚು ಮುಗಿಯಿತು. ನನ್ನ ಗೆಳತಿಗೆ ಇಂಗ್ಲಿಷ್ ಓದುವುದು ನಿಧಾನ. ಹಾಗಾಗಿ ಬರುವ ದಾರಿಯಲ್ಲಿ ನಾನು ಅವಳಿಗೆ ಪುಸ್ತಕವನ್ನು ಕನ್ನಡದಲ್ಲಿ ಹೇಳುತ್ತಿದ್ದೆ. ಲೈಬ್ರರಿಯಲ್ಲಿ ಅಂಥ ಪುಸ್ತಕಗಳು ಮುಗಿದುಹೋದ ಮೇಲೆ ನಮ್ಮದೇ ಒಂದು ಕಥೆ ಶುರು ಮಾಡಿದೆವು.

ಬೆಟ್ಟದ ಮೇಲೊಂದು ಹಾಸ್ಟೆಲು, ಅದರಲ್ಲಿ ಇಬ್ಬರು ಹುಡುಗಿಯರು. ಕನ್ನಡಕದ ಹುಡುಗಿ ನನ್ನವಳು. ಎತ್ತರದ ಹುಡುಗಿ ಅವಳವಳು. ಒಂದು ದಿನ ನಾನು ಹೇಳಬೇಕು, ಇನ್ನೊಂದು ದಿನ ಅವಳು. ಹಾಗಂತ ಒಪ್ಪಂದ.

ಮೊದಲ ಕೆಲವು ವಾರ ನಾನೇ ಮುಂದಿದ್ದೆ. ಅಷ್ಟೊಂದು ಪುಸ್ತಕ ಓದಿದ್ದ ನನಗೆ ಕಥೆ ಹೇಗೆ ಸಾಗಬೇಕು ಅನ್ನುವುದು ಗೊತ್ತಿತ್ತು. ಅವಳಿಗೆ ಅದು ಗೊತ್ತಿರಲಿಲ್ಲ. ಗೊತ್ತಿಲ್ಲದ್ದೇ ಅವಳಿಗೆ ಒಳ್ಳೆಯದಾಯಿತು. ಹಾಸ್ಟೆಲಿನ ಅಡುಗೆಯವನಿಗೆ ತನ್ನ ಅಪ್ಪನ ಸಿಟ್ಟು ಕೊಟ್ಟಳು. ವಾರ್ಡನ್ನಿಗೆ ನಮ್ಮ ಕಟ್ಟಡದ ಕಾವಲುಗಾರನ ನಡಿಗೆ ಕೊಟ್ಟಳು. ಕನ್ನಡ ಸಿಗದ ಕಡೆ ಹಿಂದಿ ಹಾಕಿದಳು, ಹಿಂದಿ ಸಿಗದ ಕಡೆ ಬರೀ ಮುಖ ಮಾಡಿದಳು. ಹಿಂದಿಯ ದೆಸೆಯಿಂದ ಸುತ್ತಲಿನ ಸೀಟಿನ ಮಕ್ಕಳಿಗೂ ಅವಳ ಕಥೆ ಅರ್ಥವಾಗತೊಡಗಿತು. ಮಲಯಾಳಿ ಮಕ್ಕಳು, ಗುಜರಾತಿ ಮಕ್ಕಳು, ಒಬ್ಬಿಬ್ಬರು ಪಾಕಿಸ್ತಾನಿ ಮಕ್ಕಳು ತಿರುಗಿ, ಸೀಟಿನ ಮೇಲೆ ಮೊಣಕಾಲೂರಿ ಕೇಳುತ್ತಿದ್ದರು. ಎಲ್ಲರಿಗೂ ಕಾಣಲೆಂದು ಅವಳು ಹಿಂದಿನ ಉದ್ದ ಸೀಟಿನ ನಡುವೆ ಕೂರತೊಡಗಿದಳು. ನಾನು ಕಿಟಕಿಯ ಪಕ್ಕಕ್ಕೆ ಸರಿದೆ.

ನನ್ನ ಸರದಿ ಬಂದಾಗಲೂ ಮಕ್ಕಳು ತಿರುಗಿ ಕೂರುತ್ತಿದ್ದರು. ಆದರೆ ಸ್ವಲ್ಪ ಹೊತ್ತಿಗೆ ಒಬ್ಬೊಬ್ಬರೇ ಮುಂದಕ್ಕೆ ತಿರುಗಿಬಿಡುತ್ತಿದ್ದರು. ಒಂದು ದಿನ ಎರಡನೇ ಕ್ಲಾಸಿನ ಪುಟ್ಟ ಹುಡುಗಿಯೊಬ್ಬಳು ನನ್ನ ಮುಖ ನೋಡಿ, ಇವತ್ತು ಆ ಅಕ್ಕನದ್ದು ಅಲ್ಲವಾ ಎಂದು ಕೇಳಿದಳು. ಕೇಳಿದ್ದರಲ್ಲಿ ಕೆಟ್ಟತನ ಇರಲಿಲ್ಲ. ನನಗೆ ಮಾತ್ರ ಕಿವಿ ಬಿಸಿಯಾಯಿತು.

ಅದಕ್ಕೆ ಹೊಟ್ಟೆಕಿಚ್ಚು ಅನ್ನುವ ಹೆಸರು ಕೊಡಲು ನಾನು ತಯಾರಿರಲಿಲ್ಲ. ಪುಸ್ತಕಗಳಲ್ಲಿ ಹೊಟ್ಟೆಕಿಚ್ಚು ಪಡುವವಳು ಯಾವಾಗಲೂ ಎರಡನೆಯ ಹುಡುಗಿ, ನಾಯಕಿಯಲ್ಲ. ನಾನು ನಾಯಕಿ ಎಂದುಕೊಂಡಿದ್ದೆ. ಆದ್ದರಿಂದ ನನಗಾಗುತ್ತಿರುವುದು ಬೇರೆ ಏನೋ ಇರಬೇಕು, ತಲೆನೋವೋ, ಬಸ್ಸಿನ ಡೀಸೆಲ್ ವಾಸನೆಯೋ ಎಂದು ನಂಬಿಕೊಂಡೆ. ಮನೆಗೆ ಬಂದರೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮಹಡಿ ಹತ್ತಿ ತಾರಸಿಗೆ ಹೋಗುತ್ತಿದ್ದೆ. ರಿಫೈನರಿಯ ಬೆಂಕಿ ಹಗಲಿನಲ್ಲೂ ಉರಿಯುವುದನ್ನು ನೋಡಿ ಇಳಿದು ಬರುತ್ತಿದ್ದೆ, ಪುಸ್ತಕ ತೆರೆದು ಮುಚ್ಚುತ್ತಿದ್ದೆ, ಮತ್ತೆ ಹತ್ತುತ್ತಿದ್ದೆ. ಅಮ್ಮ ಬೇಳೆ ಆರಿಸುತ್ತಾ, ಕಾಲಿಗೆ ಚಕ್ರ ಕಟ್ಟಿಕೊಂಡಿದ್ದೀಯಾ ಅನ್ನುತ್ತಿದ್ದರು. ಅವಳ ಮನೆಗಾದರೂ ಹೋಗು ಅನ್ನುತ್ತಿದ್ದರು. ಹೋಗುತ್ತಲೂ ಇದ್ದೆ. ಅವಳ ಅಮ್ಮ ಕೊಟ್ಟದ್ದನ್ನು ತಿಂದು, ಅವಳ ಜೊತೆ ಹೊಟ್ಟೆ ತುಂಬಾ ನಕ್ಕು, ಮೆಟ್ಟಿಲು ಇಳಿಯುವಾಗ ಮತ್ತೆ ಅದೇ ಕುದಿತ.

ಅಷ್ಟರಲ್ಲಿ ನನಗೆ ಸೀತಾಳೆ ಸಿಡುಬು ಬಂತು. ಮೈತುಂಬಾ ಗುಳ್ಳೆಯೆದ್ದು ಕೋಣೆಯಲ್ಲಿ ಬಿದ್ದುಕೊಂಡಿದ್ದೆ. ಗೆಳತಿಯನ್ನು ಹತ್ತಿರ ಬರಲು ಬಿಡುತ್ತಿರಲಿಲ್ಲ. ದಿನವೂ ಸಂಜೆ ಕೆಳಗೆ ರಸ್ತೆಯಲ್ಲಿ ನಿಂತು ಕೈಯಾಡಿಸಿ ಹೋಗುತ್ತಿದ್ದಳು. ನನ್ನ ಕನ್ನಡಕದ ಹುಡುಗಿಯನ್ನು ಅವಳು ಏನು ಮಾಡುತ್ತಿರಬಹುದು ಅನ್ನುವ ಯೋಚನೆ ಗುಳ್ಳೆಗಳಿಗಿಂತ ಹೆಚ್ಚು ಕಡಿಯುತ್ತಿತ್ತು.

ಮತ್ತೆ ಶಾಲೆಗೆ ಹೊರಟ ದಿನ ಬಸ್ಸು ಹತ್ತುತ್ತಿದ್ದಂತೆ ಗೊತ್ತಾಯಿತು. ಅದೇ ಪುಟ್ಟ ಹುಡುಗಿ ಓಡಿಬಂದು, ನಿಮ್ಮವಳು ಹೊರಟುಹೋದಳು ಎಂದಳು. ನಾನಿಲ್ಲದಾಗ ನನ್ನ ಗೆಳತಿ ಕನ್ನಡಕದ ಹುಡುಗಿಯನ್ನು ಶಾಲೆ ಬಿಡಿಸಿದ್ದಳು. ಅವಳ ಅಪ್ಪ ಬಂದು, ಪೆಟ್ಟಿಗೆ ಕಟ್ಟಿಸಿ, ರೈಲು ಹತ್ತಿಸಿ, ಯಾವುದೋ ಊರಿಗೆ ಕರೆದುಕೊಂಡು ಹೋದರಂತೆ. ಎತ್ತರದ ಹುಡುಗಿ ಸ್ಟೇಷನ್ನಿನಲ್ಲಿ ನಿಂತು ಅತ್ತಳಂತೆ. ಅದನ್ನು ಹೇಳಿದ ದಿನ ಬಸ್ಸಿನಲ್ಲಿ ಅರ್ಧ ಮಕ್ಕಳು ಅತ್ತಿದ್ದರಂತೆ.

ನಾನು ಹಿಂದಿನ ಸೀಟಿಗೆ ಹೋಗಿ ಅವಳ ಎದುರು ನಿಂತೆ. ಯಾಕೆ ಹಾಗೆ ಮಾಡಿದೆ ಎಂದು ಕೇಳಿದೆ.

"ಒಬ್ಬಳು ಹೋಗಬೇಕಿತ್ತು," ಎಂದಳು.

"ಹಾಗಾದ್ರೆ ನಿನ್ನವಳನ್ನ ಕಳಿಸಬೇಕಿತ್ತು. ನಾನು ಮಲಗಿದ್ದಾಗ ನನ್ನವಳನ್ನ ಓಡಿಸಿಬಿಟ್ಟು, ಈಗ ಪೂರ್ತಿ ಕಥೆ ನಿಂದೇ ಆಯ್ತಲ್ಲ."

ಅವಳು ಎರಡು ಜಡೆಯಲ್ಲಿ ಒಂದನ್ನು ಮುಂದಕ್ಕೆ ಎಳೆದುಕೊಂಡು ಅದರ ರಿಬ್ಬನ್ನು ಬಿಚ್ಚಿ ಕಟ್ಟತೊಡಗಿದಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ. ನಾನು ಮುಂದೆ ಹೋಗಿ ಡ್ರೈವರ್ ಚಾಚಾನ ಹಿಂದಿನ ಸೀಟಿನಲ್ಲಿ ಕೂತೆ. ಅವತ್ತಿನಿಂದ ಅದೇ ನನ್ನ ಜಾಗ.

ಮಾತು ಬಿಟ್ಟ ಆ ದಿನಗಳಲ್ಲಿ ನಾನು ಮುಂದಿನ ಸೀಟಿನಲ್ಲಿ ಬೇರೆಯೇ ಒಂದು ಕಥೆ ಶುರು ಮಾಡಿದೆ. ಕಳ್ಳರಿದ್ದರು, ಹಡಗಿತ್ತು, ನಿಧಿಯೂ ಇತ್ತು. ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಗುಜರಾತಿ ಹುಡುಗಿ ಮಾತ್ರ ಅದನ್ನು ಕೇಳಿದಳು, ಅವಳಿಗೂ ಹಡಗು ಬಂದರು ಬಿಡುವ ಮೊದಲೇ ನಿದ್ದೆ ಬಂತು. ಹಿಂದಿನಿಂದ ನಗು ಕೇಳಿಸುತ್ತಿತ್ತು. ತಿರುಗಿ ನೋಡದಿರಲು ನಾನು ಚಾಚಾನ ಕನ್ನಡಿಯ ಕೆಳಗೆ ತೂಗುತ್ತಿದ್ದ ಜಪಸರವನ್ನೇ ನೋಡುತ್ತಿದ್ದೆ. ಕನ್ನಡಿಯಲ್ಲಿ ಅವಳೇ ಕಾಣುತ್ತಿದ್ದಳು.

ಅಮ್ಮನಿಗೆ ಗೊತ್ತಾಗದೆ ಇರಲಿಲ್ಲ. ಆದರೆ ಅಮ್ಮ ಏನನ್ನೂ ಕೇಳಲಿಲ್ಲ. ಆ ದಿನಗಳಲ್ಲಿ ಅವಳ ಅಮ್ಮ ನಮ್ಮ ಮನೆಗೆ ಹೆಚ್ಚು ಬರುತ್ತಿದ್ದರು. ಅಡುಗೆಮನೆಯಲ್ಲಿ ಇಬ್ಬರೂ ದನಿ ತಗ್ಗಿಸಿ ಮಾತಾಡುತ್ತಿದ್ದರು, ನಾನು ಹೋದರೆ ನಿಲ್ಲಿಸುತ್ತಿದ್ದರು. ನಮ್ಮ ಜಗಳದ ಪಂಚಾಯಿತಿಯೇ ನಡೆಯುತ್ತಿದೆ ಎಂದು ನನಗೆ ಇನ್ನಷ್ಟು ಸಿಟ್ಟು.

ಮೇ ತಿಂಗಳಿನ ಒಂದು ಮಧ್ಯಾಹ್ನ. ಶಾಲೆಯಿಂದ ಹೊರಡುವಾಗಲೇ ಆಕಾಶ ಚಹಾದ ಬಣ್ಣಕ್ಕೆ ತಿರುಗಿತ್ತು. ಧೂಳು ಏಳುವುದು ನಮಗೆ ಹೊಸದಲ್ಲ. ಆದರೆ ಅರ್ಧ ದಾರಿಗೆ ಬರುವಷ್ಟರಲ್ಲಿ ಮುಂದಿದ್ದ ಲಾರಿ ಕಾಣಲಿಲ್ಲ, ಆಮೇಲೆ ರಸ್ತೆಯೂ ಕಾಣಲಿಲ್ಲ. ಚಾಚಾ ಬಸ್ಸನ್ನು ಮೆಲ್ಲಗೆ ಬದಿಗೆ ತೆಗೆದು, ದೀಪ ಹಾಕಿ ನಿಲ್ಲಿಸಿದ. "ಖಿಡ್ಕಿ ಬಂದ್ ಕರೋ ಬಚ್ಚೋ, ಕೋಯಿ ನೀಚೆ ನಹೀಂ ಉತರೇಗಾ," ಎಂದು ಕಿಟಕಿ ಮುಚ್ಚಿಸಿ, ಯಾರೂ ಇಳಿಯಬಾರದೆಂದು ಎಚ್ಚರಿಸಿ, ತಲೆಗೆ ಸುತ್ತಿದ ಬಟ್ಟೆಯನ್ನು ಬಾಯಿಗೆ ಎಳೆದುಕೊಂಡ.

ಕಿಟಕಿಗಳನ್ನು ಮುಚ್ಚಿದರೂ ಧೂಳು ಒಳಗೆ ಬರುತ್ತಿತ್ತು. ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುತ್ತಿರಲಿಲ್ಲ. ಹಲ್ಲಿನ ನಡುವೆ, ರೆಪ್ಪೆಯ ಮೇಲೆ, ಬೆವರಿದ ಕತ್ತಿನ ಸುತ್ತ. ಗಾಳಿ ಬಸ್ಸನ್ನು ಪಕ್ಕದಿಂದ ತಳ್ಳುತ್ತಿತ್ತು. ಮರಳು ತಗಡಿಗೆ ಬಡಿಯುವ ಸದ್ದು ನಿಲ್ಲಲೇ ಇಲ್ಲ. ಚಿಕ್ಕ ಮಕ್ಕಳಲ್ಲಿ ಒಬ್ಬಳು ಅತ್ತಳು, ಅವಳನ್ನು ನೋಡಿ ಇನ್ನೊಬ್ಬಳು, ಆಮೇಲೆ ಸಾಲುಸಾಲಾಗಿ ಎಲ್ಲರೂ.

ಆಗ ಹಿಂದಿನ ಸೀಟಿನಿಂದ ಅವಳ ದನಿ ಕೇಳಿಸಿತು. ಕಥೆ ಹೇಳತೊಡಗಿದ್ದಳು. ಎಂದಿನ ಹಾಗೆ ಮುಖ ಮಾಡಿ ಪ್ರಯೋಜನವಿರಲಿಲ್ಲ, ಬಸ್ಸಿನೊಳಗೆ ಅಷ್ಟು ಮಂಕು ಬೆಳಕು. ಗಾಳಿಯ ಸದ್ದಿಗಿಂತ ಮೇಲೆ ದನಿ ಎತ್ತಿ ಎತ್ತಿ ಹೇಳಿದಳು. ಎತ್ತರದ ಹುಡುಗಿ ಒಂಟಿಯಾಗಿ ಹಾಸ್ಟೆಲಿನಲ್ಲಿದ್ದಾಳೆ. ಯಾರೋ ಅವಳ ಮಂಚದ ಕೆಳಗೆ ಬೆಕ್ಕಿನ ಮರಿ ಇಟ್ಟಿದ್ದಾರೆ. ವಾರ್ಡನ್ನಿಗೆ ಬೆಕ್ಕು ಕಂಡರೆ ಸೀನು. ಮಕ್ಕಳು ಅಳುತ್ತಲೇ ನಗತೊಡಗಿದರು. ನಾನೂ ಕೇಳುತ್ತಿದ್ದೆ. ಎಷ್ಟು ಚೆನ್ನಾಗಿ ಹೇಳುತ್ತಾಳೆ ಎಂದು ಒಳಗೆ ಸಂಕಟವಾಗುತ್ತಿತ್ತು. ಕೇಳದೆ ಇರಲೂ ಆಗುತ್ತಿರಲಿಲ್ಲ. ಅವಳು ಕೆಮ್ಮಿ ನಿಲ್ಲಿಸಿದಾಗ, ಮುಂದೆ ಏನಾಯಿತು ಎಂದು ತಿಳಿಯುವ ತವಕದಲ್ಲಿ ನಾನು ಸೀಟಿನ ಅಂಚಿಗೆ ಬಂದಿದ್ದೆ.

ಕೆಮ್ಮು ನಿಲ್ಲಲಿಲ್ಲ. ನೀರಿನ ಬಾಟಲಿಗಳು ಯಾವಾಗಲೋ ಖಾಲಿಯಾಗಿದ್ದವು. ಸೀಟುಗಳ ಕಂಬಿ ಹಿಡಿದುಕೊಂಡು ಅವಳು ನನ್ನ ಬಳಿಗೆ ನಡೆದು ಬಂದಳು. ಹುಬ್ಬು, ಕೂದಲು ಎಲ್ಲ ಧೂಳು ಹತ್ತಿ ಮುದುಕಿಯ ಹಾಗೆ ಕಾಣುತ್ತಿದ್ದಳು.

"ನನ್ನ ಗಂಟಲು ಹೋಯಿತು ಮಾರಾಯ್ತಿ. ಇನ್ನು ನೀನು ಹೇಳು."

"ಯಾರ ಕಥೆ ಹೇಳ್ಲಿ? ನನ್ನವಳು ಇಲ್ವಲ್ಲ."

"ಅವಳು ಹೋದ ಊರಿನದ್ದು ಹೇಳು. ಅಲ್ಲಿ ಎಂತ ಉಂಟು ಅಂತ ನನಗೆ ಗೊತ್ತಿಲ್ಲ."

ಬೇಡ ಅನ್ನಬೇಕೆಂದಿದ್ದೆ. ಆದರೆ ಗಾಳಿ ಮತ್ತೊಮ್ಮೆ ಬಸ್ಸನ್ನು ಅಲುಗಿಸಿತು, ಮಕ್ಕಳ ಅಳು ಮತ್ತೆ ಶುರುವಾಯಿತು. ಚಾಚಾ ತಿರುಗಿ ನೋಡಿ, ಹೇಳು ಬೇಟಿ ಎನ್ನುವ ಹಾಗೆ ತಲೆಯಾಡಿಸಿದ. ನಾನು ಎದ್ದು ನಿಂತು, ಸೀಟುಗಳ ನಡುವೆ ಬಂದು, ಕನ್ನಡಕದ ಹುಡುಗಿ ರೈಲಿನಿಂದ ಇಳಿದಳು ಎಂದೆ. ಮುಂದೇನು ಅನ್ನುವುದು ನನಗೂ ತಿಳಿದಿರಲಿಲ್ಲ. ನಾನು ಓದಿದ ಯಾವ ಪುಸ್ತಕವೂ ರೈಲಿನಿಂದ ಇಳಿದ ಮೇಲೆ ಅವಳ ಹಿಂದೆ ಹೋಗಿರಲಿಲ್ಲ.

ನನ್ನ ಗೆಳತಿ ಪ್ರಶ್ನೆ ಕೇಳತೊಡಗಿದಳು. ಉಳಿದ ಮಕ್ಕಳು ಕೇಳುವ ಪ್ರಶ್ನೆಗಳಲ್ಲ. ಹೊಸ ಶಾಲೆಯಲ್ಲಿ ಕನ್ನಡಕದ ಹುಡುಗಿಯ ಮಾತಿಗೆ ನಗುತ್ತಾರಾ, ಎಲ್ಲರೂ ಮೊದಲೇ ಜೋಡಿಯಾಗಿ ಕೂತಿರುತ್ತಾರಾ, ಅವಳ ಅಪ್ಪ ಅಲ್ಲಿಗೆ ಯಾವಾಗ ಬರುತ್ತಾರೆ. ಕೆಮ್ಮಿನ ನಡುವೆ ಒಂದೊಂದನ್ನೇ ಕೇಳುತ್ತಿದ್ದಳು. ನಾನು ಉತ್ತರ ಹುಡುಕುತ್ತಾ ಹೋದೆ. ಮೊದಲು ನಗುತ್ತಾರೆ ಎಂದೆ. ಆಮೇಲೆ ಒಬ್ಬಳು ಜಾಗ ಕೊಡುತ್ತಾಳೆ, ಅವಳಿಗೂ ಕನ್ನಡಕ ಇದೆ ಎಂದೆ. ಅಪ್ಪನದ್ದಕ್ಕೆ ಮಾತ್ರ ಉತ್ತರ ಹೊಳೆಯಲಿಲ್ಲ. ರಜೆಗೆ ಬರುತ್ತಾರೆ ಎಂದುಬಿಟ್ಟೆ. ಆ ದಿನ ಒಂದು ಮಗುವೂ ಮುಂದಕ್ಕೆ ತಿರುಗಲಿಲ್ಲ. ತಿರುಗಿದರೂ ಗಮನಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಗಾಳಿ ಇಳಿದು ಬಸ್ಸು ಹೊರಟಾಗ ಸಂಜೆಯಾಗಿತ್ತು. ಫಹಾಹೀಲ್‌ನ ನಮ್ಮ ನಿಲ್ದಾಣದಲ್ಲಿ ಅಪ್ಪ ಅಮ್ಮಂದಿರ ಗುಂಪು ಕಾದಿತ್ತು. ಇಳಿಯುವ ಮೊದಲು ಅವಳು ನನ್ನ ಚೀಲದ ಪಟ್ಟಿ ಹಿಡಿದಳು.

"ನಾವು ಊರಿಗೆ ಹೋಗ್ತೇವೆ. ಅಮ್ಮ, ತಮ್ಮ, ನಾನು. ಪಪ್ಪ ಇಲ್ಲಿಯೇ ಇರ್ತಾರೆ."

ರಜೆಗಾ ಎಂದು ಕೇಳಿದೆ. ಅಲ್ಲ ಎಂದಳು. ಹೋಟೆಲಿಗೆ ಹೊಸ ಕಫೀಲ್, ಅಂದರೆ ವೀಸಾ ಕೊಡಿಸುವ ಅರಬ್ ಮಾಲೀಕ, ಬಂದಿದ್ದಾನೆ, ಕುಟುಂಬದವರ ಇಕಾಮಾ ಮುಂದುವರಿಸಲು ಅವನು ಒಪ್ಪುತ್ತಿಲ್ಲ, ಇಲ್ಲಿ ಇರುವ ಪರವಾನಗಿ ಇಲ್ಲದೆ ಇರಲು ಆಗುವುದಿಲ್ಲ. ನನಗೆ ಸಿಡುಬು ಬಂದಾಗಲೇ ಅವಳಿಗೆ ತಿಳಿದಿತ್ತಂತೆ. ಯಾರಿಗೂ ಹೇಳಬೇಡ ಎಂದು ಅವಳ ಅಪ್ಪ ಹೇಳಿದ್ದರಂತೆ.

"ನೀನು ಇಲ್ಲಿಯೇ ಇರ್ತಿ," ಎಂದಳು. "ನಿನ್ನ ಅಪ್ಪ ಸಂಜೆ ಮನೆಗೆ ಬರ್ತಾರೆ. ನನಗೆ ಹೊಟ್ಟೆಕಿಚ್ಚು ಆಯಿತು. ಅದಕ್ಕೆ ನಿನ್ನವಳನ್ನು ಕಳಿಸಿದ್ದು."

ಅಷ್ಟು ದಿನದಿಂದ ಹೊಟ್ಟೆಕಿಚ್ಚು ನನ್ನೊಬ್ಬಳ ಸ್ವತ್ತು ಎಂದುಕೊಂಡಿದ್ದೆ. ಅವಳೂ ಅದನ್ನು ಹೊತ್ತು ತಿರುಗುತ್ತಿದ್ದಳು, ಅದೂ ನಾನು ಇದೆಯೆಂದೇ ಲೆಕ್ಕಕ್ಕೆ ಇಟ್ಟುಕೊಳ್ಳದ ಸಂಗತಿಯೊಂದರ ಮೇಲೆ. ಅಪ್ಪ ಸಂಜೆ ಮನೆಗೆ ಬರುವುದು. ಅದು ಯಾರಾದರೂ ಆಸೆಪಡುವಂಥದ್ದು ಎಂದು ನನಗೆ ಹೊಳೆದೇ ಇರಲಿಲ್ಲ. ಕೆಳಗೆ ನಿಂತಿದ್ದ ಅಪ್ಪ ನನ್ನ ಹೆಸರು ಹಿಡಿದು ಕೂಗುತ್ತಿದ್ದರು. ನಾವಿಬ್ಬರೂ ಇಳಿದೆವು, ಅವರವರ ಮನೆಗೆ ಹೋದೆವು.

ಪುಸ್ತಕದಲ್ಲಾಗಿದ್ದರೆ ಇಲ್ಲಿಗೆ ಅಧ್ಯಾಯ ಮುಗಿಯುತ್ತಿತ್ತು. ನಮ್ಮದು ಮುಗಿಯಲಿಲ್ಲ. ಅವಳು ಹೋಗುವವರೆಗೆ ಉಳಿದ ವಾರಗಳಲ್ಲಿ ನಾವು ಒಟ್ಟಿಗೆ ಕೂತು ಕಥೆ ಹೇಳಿದೆವು, ಒಟ್ಟಿಗೆ ಹಾಳು ಮಾಡಿದೆವು. ಅವಳು ಒಂದು ಹೇಳಿದರೆ ನಾನು ಇನ್ನೊಂದು, ಮಕ್ಕಳು ಗೊಂದಲಪಟ್ಟು ಹೊರಗೆ ನೋಡುತ್ತಿದ್ದರು. ಸಂಜೆ ಸಮುದ್ರದ ಬದಿಗೆ ಹೋದರೆ ಒಂದು ಕಡೆ ಕೂರುತ್ತಿರಲಿಲ್ಲ. ಕಲ್ಲಿನಿಂದ ಕಲ್ಲಿಗೆ ಹಾರುತ್ತಾ, ಚಪ್ಪಲಿ ಕಳೆದುಕೊಳ್ಳುತ್ತಾ, ಯಾವುದೋ ಸಣ್ಣ ಮಾತಿಗೆ ಮುನಿಯುತ್ತಾ ಸುತ್ತುತ್ತಿದ್ದೆವು. ಅವಳು ಹೋಗುವುದು ನನಗೆ ತಡೆಯಲಾಗುತ್ತಿರಲಿಲ್ಲ. ಅದರ ಜೊತೆಗೇ, ಅವಳು ಹೋದಮೇಲೆ ಹಿಂದಿನ ಸೀಟು ನನಗೆ ಸಿಗುತ್ತದೆ ಎಂದೂ ಅನ್ನಿಸುತ್ತಿತ್ತು. ಅವಳು ಹೋಗುತ್ತಿರುವ ಊರಿನಲ್ಲಿ ನಿಜವಾದ ಮಳೆ ಇದೆ, ನಡೆದು ಹೋಗುವಷ್ಟು ಹತ್ತಿರದ ಶಾಲೆ ಇದೆ, ಅಜ್ಜಿ ಇದ್ದಾರೆ ಎಂದು ಹೊಸದೊಂದು ಹೊಟ್ಟೆಕಿಚ್ಚೂ ಎದ್ದಿತ್ತು. ಅದನ್ನು ಅವಳಿಗೆ ಹೇಳಿಯೂ ಬಿಟ್ಟೆ. ಅವಳು, ನಿನಗೆ ಹುಚ್ಚು ಎಂದಳು.

ಅವರು ಹೊರಟ ದಿನ ನಾವೆಲ್ಲ ವಿಮಾನ ನಿಲ್ದಾಣಕ್ಕೆ ಹೋದೆವು. ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳು, ಅವುಗಳ ಮೇಲೆ ದಪ್ಪ ಅಕ್ಷರದಲ್ಲಿ ಊರಿನ ವಿಳಾಸ. ಅವಳ ಅಪ್ಪ ಪೆಟ್ಟಿಗೆಗಳನ್ನು ಎತ್ತಿ, ಇಳಿಸಿ, ಮತ್ತೆ ಎತ್ತಿ, ಕೈಗೆ ಕೆಲಸ ಹುಡುಕುತ್ತಲೇ ಇದ್ದರು. ಅವಳಮ್ಮ ನನ್ನ ಕೆನ್ನೆ ಸವರಿ, "ಓದು ಮಗಾ, ಅಮ್ಮನಿಗೆ ಉಪದ್ರ ಮಾಡಬೇಡ," ಎಂದರು. ಅವಳು ಹೊಸ ಬೂಟು ಹಾಕಿಕೊಂಡಿದ್ದಳು, ಅದು ಕಚ್ಚುತ್ತಿತ್ತು. ಕೊನೆಯ ಕ್ಷಣದವರೆಗೂ ನಾವು ಮಾತಾಡಿದ್ದು ಆ ಬೂಟಿನ ಬಗ್ಗೆ. ಒಳಗೆ ಹೋಗುವ ಬಾಗಿಲಲ್ಲಿ ಅವಳು ತಮ್ಮನ ಕೈ ಹಿಡಿದುಕೊಂಡು ಕುಂಟುತ್ತಾ ಹೋದಳು. ತಿರುಗಿ ನೋಡಿದ್ದು ತನ್ನ ಅಪ್ಪನನ್ನು.

ರಜೆ ಮುಗಿದು ಶಾಲೆ ತೆರೆದಾಗ ಹಿಂದಿನ ಸೀಟಿನ ನಡುವೆ ನಾನೇ ಕೂತೆ. ಮಕ್ಕಳು ಕೇಳಿದರು, ನಾನು ಹೇಳಿದೆ. ಅವಳ ಹಾಗೆ ಮುಖ ಮಾಡಲು ನೋಡಿದೆ. ಮಾಡಿದಷ್ಟೂ ಅವಳದ್ದಾಗಿ ಕಾಣುತ್ತಿತ್ತು, ನನ್ನದಾಗುತ್ತಿರಲಿಲ್ಲ. ಕೆಲವು ದಿನ ಚೆನ್ನಾಗಿ ಬಂತು. ಆಮೇಲೆ ಆ ಪುಟ್ಟ ಹುಡುಗಿಯ ಕುಟುಂಬ ಶುವೈಖ್ ಕಡೆಗೆ ಮನೆ ಬದಲಿಸಿತು, ಬೇರೆ ಮಕ್ಕಳಿಗೆ ಕ್ರಿಕೆಟ್ ಹುಚ್ಚು ಹಿಡಿಯಿತು. ಎತ್ತರದ ಹುಡುಗಿಗೆ ಏನಾಯಿತು ಎಂದು ಯಾರೂ ಕೇಳದ ಒಂದು ದಿನ ಬಂತು. ಅವತ್ತು ಬಸ್ಸಿನಲ್ಲಿ ಅತ್ತದ್ದು ನಾನು. ಸದ್ದಿಲ್ಲದೆ, ಕಿಟಕಿಗೆ ಮುಖ ಕೊಟ್ಟು.

ಎರಡು ವರ್ಷದ ಮೇಲೆ ಊರಿಗೆ ಬಂದಾಗ ಅಪ್ಪ ನನ್ನನ್ನು ಉಡುಪಿಗೆ ಕರೆದುಕೊಂಡು ಹೋದರು. ಅವಳು ಇನ್ನೂ ಉದ್ದವಾಗಿದ್ದಳು. ದಾವಣಿ ಹಾಕಿದ್ದಳು. ಬಸ್‌ಸ್ಟ್ಯಾಂಡಿಗೆ ಬಂದವಳ ಜೊತೆ ಇನ್ನೊಬ್ಬ ಹುಡುಗಿ ಇದ್ದಳು. ಅವಳ ಕ್ಲಾಸಿನವಳು, ಪಕ್ಕದ ಮನೆಯವಳು. ಇಬ್ಬರೂ ಸರಸರ ತುಳುವಿನಲ್ಲಿ ಏನೋ ಹೇಳಿಕೊಂಡು ನಕ್ಕರು. ನನಗೆ ಒಂದು ಪದವೂ ಸಿಗಲಿಲ್ಲ. ಮಣಿಪಾಲದ ಗುಡ್ಡ ನೋಡು, ಸಮುದ್ರ ನೋಡು ಎಂದು ಅವಳು ತೋರಿಸುತ್ತಾ ಹೋದಳು. ನಾನು ನೋಡುತ್ತಿದ್ದದ್ದು ಆ ಇನ್ನೊಬ್ಬಳನ್ನು. ಕನ್ನಡಕವಿರಲಿಲ್ಲ, ಅದೊಂದು ಸಮಾಧಾನ.

ಮಧ್ಯಾಹ್ನ ಊಟವಾದ ಮೇಲೆ ಆ ಹುಡುಗಿ ತನ್ನ ಮನೆಗೆ ಹೋದಳು. ನಾವಿಬ್ಬರೇ ಬಾವಿಕಟ್ಟೆಯ ಮೇಲೆ ಕೂತೆವು. ಕುವೈತಿನ ಸುದ್ದಿ ಕೇಳಿದಳು. ಅವಳ ಅಪ್ಪನನ್ನು ನಾನು ಶುಕ್ರವಾರದ ರಜೆಯಲ್ಲಿ ನೋಡುತ್ತೇನಾ, ಅವರು ತೆಳ್ಳಗಾಗಿದ್ದಾರಾ, ನಮ್ಮ ಮನೆಗೆ ಊಟಕ್ಕೆ ಬರುತ್ತಾರಾ. ಬರುತ್ತಾರೆ, ಅಮ್ಮ ಒತ್ತಾಯ ಮಾಡಿ ಬಡಿಸುತ್ತಾರೆ, ಸಾರು ಚೆನ್ನಾಗಿದೆ ಅನ್ನುತ್ತಾರೆ ಎಂದು ಹೇಳಿದೆ. ಅವಳ ಮುಖ ಬಿಗಿದುಕೊಂಡಿತು. ನನ್ನ ಅಪ್ಪ ನಿಮ್ಮ ಮನೆಯಲ್ಲಿ ಊಟ ಮಾಡುವುದು ನನಗೆ ಇಷ್ಟವಿಲ್ಲ ಎಂದಳು. ಆದರೆ ಕರೆಯುವುದನ್ನು ಬಿಡಬೇಡಿ ಎಂದೂ ಹೇಳಿದಳು.

ಆ ಹೊಸ ಗೆಳತಿಯನ್ನು ಕಂಡರೆ ನನಗೆ ಆಗುವುದಿಲ್ಲ ಎಂದು ನಾನೂ ಹೇಳಿದೆ. ಗೊತ್ತುಂಟು ಎಂದಳು. ಇಬ್ಬರೂ ಎದ್ದು, ಕೂತು, ಮತ್ತೆ ಎದ್ದು, ಕೊನೆಗೆ ಅಂಗಡಿಗೆ ಹೋಗಿ ಸೋಡ ಕುಡಿದು ಬರೋಣವೆಂದು ಹೊರಟೆವು. ದಾರಿಯುದ್ದಕ್ಕೂ ಅವಳು ಬೇಗ ಬೇಗ ನಡೆಯುತ್ತಿದ್ದಳು. ನಾನು ಅವಳನ್ನು ಹಿಂದೆ ಹಾಕಲು ನೋಡುತ್ತಿದ್ದೆ.